ಎಲ್ಲರಿಗೂ ಕೇಳಿಸಿದ ಮಾತು

ಆಂಬ್ಯುಲೆನ್ಸು, ಅಗ್ನಿಶಾಮಕ, ಪೊಲೀಸು ಮೂರಕ್ಕೂ ಸೇರಿ ಒಂದೇ ಹೊಸ ರೇಡಿಯೊ ವ್ಯವಸ್ಥೆ ಬರುತ್ತದೆ ಎಂದು ಗೊತ್ತಾದಾಗ ಕಂಟ್ರೋಲ್ ರೂಮಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಪುಟ್ಟಿ. ಹೆಸರಿಗಷ್ಟೇ ಪುಟ್ಟಿ, ವಯಸ್ಸು ಮೂವತ್ತು ದಾಟಿತ್ತು. ಮನೆಯಲ್ಲಿ ಕರೆಯುವ ಆ ಹೆಸರನ್ನು ಆಫೀಸಿನ ತನಕ ತಂದು ಅಂಟಿಸಿದವನು ಅವಳ ಸೋದರಮಾವ. ಅವನು ಅಲ್ಲಿಯೇ ಆಂಬ್ಯುಲೆನ್ಸ್ ಡ್ರೈವರ್. ಇವಳು ಮೈಕಿನಲ್ಲಿ ಗಂಭೀರವಾಗಿ ಗಾಡಿಯ ನಂಬರು ಹೇಳಿ ಕರೆದರೆ ಅತ್ತಲಿಂದ, "ಹೇಳು ಪುಟ್ಟಿ" ಎಂದು ಬರುತ್ತಿತ್ತು. ಕೇಳಿ ಕೇಳಿ ಉಳಿದ ಡ್ರೈವರುಗಳಿಗೂ ಅವಳು ಪುಟ್ಟಿಯೇ ಆಗಿಬಿಟ್ಟಳು.

ಅವಳ ಅಪ್ಪ ತೀರಿಕೊಂಡಾಗ ತನ್ನ ಅಕ್ಕನ ಸಂಸಾರಕ್ಕೆ ಹೆಗಲು ಕೊಟ್ಟವನು ಈ ಮಾವ. ಕೆಲಸದ ಪರೀಕ್ಷೆಗೆ ಅವಳನ್ನು ಕರೆತಂದು, ಮುಗಿಯುವ ತನಕ ಗೇಟಿನ ಹೊರಗೆ ಬಿಸಿಲಲ್ಲಿ ನಿಂತಿದ್ದವನೂ ಅವನೇ. ಅದೆಲ್ಲ ಅವಳಿಗೆ ಮರೆತಿರಲಿಲ್ಲ. ಆದರೆ ಹೊಸ ರೇಡಿಯೊ ಸೆಟ್ಟು ಬಳಸಲು ಕಲಿಸುವ ಜವಾಬ್ದಾರಿ ಅವಳ ತಲೆಗೆ ಬಿದ್ದ ಮೇಲೆ ಮಾವ ಅವಳ ಕಣ್ಣಿಗೆ ಬೇರೆಯಾಗಿಯೇ ಕಾಣತೊಡಗಿದ.

ಹೊಸ ಸೆಟ್ಟಿನಲ್ಲಿ ಗುಂಡಿ ಒತ್ತಿದ ಕೂಡಲೇ ಮಾತಾಡುವಂತಿಲ್ಲ. 'ಬೀಪ್' ಅನ್ನುವ ತನಕ ತಡೆಯಬೇಕು, ಇಲ್ಲದಿದ್ದರೆ ಮೊದಲ ಮಾತುಗಳು ಗಾಳಿಗೆ ಹೋಗುತ್ತವೆ. ಮಾವನಿಗೆ ಆ ಒಂದು ಗಳಿಗೆ ತಡೆಯುವುದು ಕೈಗೂಡಲೇ ಇಲ್ಲ. ಜೊತೆಗೆ, ಚಾನೆಲ್ ಬದಲಿಸುವ ಮೇಲಿನ ತಿರುಗಣೆ ತಿರುಗಿಸುವಾಗ ಒಂದು ಗುರುತು ಹೆಚ್ಚು ಹೋಗಿ, ರೋಗಿಯ ವಿಷಯ ಅಗ್ನಿಶಾಮಕದವರಿಗೆ ತಲುಪಿತು. ಅವರು, "ಬೆಂಕಿ ಎಲ್ಲಿ ಹತ್ತಿದೆ, ಅದನ್ನ ಹೇಳಿ" ಎಂದು ಕೇಳಿದರು. ತರಬೇತಿಯ ಕೋಣೆಯೆಲ್ಲ ನಕ್ಕಿತು, ಮಾವನೂ ನಕ್ಕ. ಪುಟ್ಟಿ ಮಾತ್ರ ನಗಲಿಲ್ಲ. ಕಲಿಸಿದವಳು ತಾನಲ್ಲವೇ ಎಂದು ಅವಳ ಮುಖ ಕೆಂಪಾಯಿತು.

ಆ ಮಧ್ಯಾಹ್ನ ಅವಳು ಕಂಟ್ರೋಲ್ ರೂಮಿನ ಹೊಸ ಮೇಜಿನಲ್ಲಿ ಕೂತು ಸಾಮೂಹಿಕ ಕರೆಯನ್ನು ಪರೀಕ್ಷಿಸಿದಳು. ಪರದೆಯ ಮೇಲೊಂದು ಚೌಕ, ಒತ್ತಿದರೆ ಮೂರೂ ಇಲಾಖೆಯ ಪ್ರತಿಯೊಂದು ಸೆಟ್ಟಿಗೂ ಒಟ್ಟಿಗೇ ಕೇಳಿಸುತ್ತದೆ. ಹಳೆಯದರಲ್ಲಿ ಕಾಲಡಿಯ ಪೆಡಲು ಬಿಟ್ಟರೆ ಮೈಕು ತಾನೇ ಮುಚ್ಚಿಕೊಳ್ಳುತ್ತಿತ್ತು. ಇದರಲ್ಲಿ ಚೌಕವನ್ನು ಮತ್ತೊಮ್ಮೆ ಒತ್ತಬೇಕು. ಇದನ್ನು ಉಳಿದ ಆಪರೇಟರುಗಳಿಗೆ ಹೇಳಿ ಹೇಳಿ ಅವಳಿಗೆ ಬಾಯಿ ನೋವು ಬಂದಿತ್ತು. ಆದರೆ ಅವಳು, "ಪರೀಕ್ಷಾ ಕರೆ ಮುಗಿಯಿತು" ಎಂದವಳೇ ಚೌಕ ಒತ್ತದೆ ಕುರ್ಚಿಗೆ ಒರಗಿದಳು.

ಪಕ್ಕದ ಮೇಜಿನ ಸಹೋದ್ಯೋಗಿ ಕೇಳಿದ: "ನಿಮ್ಮ ಮಾವ ಕಲಿತ್ರಾ?"

ಅವನು ಸುಮ್ಮನೆ ಮಾತಿಗೆ ಕೇಳಿದ್ದ. ಇವಳಿಗೆ ಅವನನ್ನು ನಗಿಸುವ ಚಪಲ.

"ಅವನಾ? ಕಲ್ಲಿಗಾದ್ರೂ ಕಲಿಸಬಹುದು. ಸ್ಟೇರಿಂಗ್ ಬಿಟ್ಟು ಇನ್ನೇನೂ ಆ ತಲೆಗೆ ಹತ್ತಲ್ಲ. ರೋಗಿ ಸತ್ತ ಮೇಲೆ ಬೀಪ್ ಕೇಳಿಸ್ಕೋತಾನೆ. ನಮ್ಮ ಮಾವ ಅಂತ ಹೇಳ್ಕೊಳ್ಳೋಕೇ ನಂಗೆ ನಾಚಿಕೆ."

ಸಹೋದ್ಯೋಗಿ ನಗಲಿಲ್ಲ. ಅವನ ಕಣ್ಣು ಅವಳ ಪರದೆಯ ಮೇಲಿತ್ತು. ಅಲ್ಲಿ ಚೌಕ ಇನ್ನೂ ಕೆಂಪಗೆ ಉರಿಯುತ್ತಿತ್ತು.

ಅವಳು ಒತ್ತಿದಳು. ಚೌಕ ಬೂದಿ ಬಣ್ಣಕ್ಕೆ ತಿರುಗಿತು. ಯಾವಾಗಲೂ ಗಿಜಿಗುಡುವ ರೇಡಿಯೊದಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಯಾರಾದರೂ ಬೈದಿದ್ದರೆ, ತಮಾಷೆ ಮಾಡಿದ್ದರೆ ಎಷ್ಟೋ ವಾಸಿ ಅನ್ನಿಸಿತು.

ಅಷ್ಟರಲ್ಲಿ ಕರೆ ಬಂತು. ಕಟ್ಟಡ ಕೆಲಸದಲ್ಲಿ ಒಬ್ಬ ಸಾರುವೆಯಿಂದ ಬಿದ್ದಿದ್ದ. ಹತ್ತಿರವಿದ್ದದ್ದು ಮಾವನ ಗಾಡಿಯೇ. ಪುಟ್ಟಿ ಅವನನ್ನು ಕರೆದು ಜಾಗ ಹೇಳಿದಳು.

"...ತ್ತಾಯ್ತು. ಹೊರಟಿದೀವಿ ಮೇಡಂ."

ಬೀಪ್‌ಗೆ ಕಾಯದೆ ಮಾತಾಡಿದ್ದ. ಅವಳು ಅಂದದ್ದೇ ನಿಜವಾಗಿತ್ತು, ಆದರೆ ಆ ನಿಜವನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಎಂದಿನ 'ಪುಟ್ಟಿ' ಹೋಗಿ 'ಮೇಡಂ' ಬಂದಿತ್ತು. ಬಿದ್ದವನು ಜೀವಸಹಿತ ಆಸ್ಪತ್ರೆ ಸೇರಿದ ಸುದ್ದಿಯನ್ನೂ ಮಾವ ಹಾಗೇ, ಅರ್ಧ ನುಂಗಿದ ಮಾತಿನಲ್ಲಿ ತಿಳಿಸಿದ.

ಪಾಳಿ ಮುಗಿದ ಮೇಲೆ ಅವಳು ಗಾಡಿಗಳು ನಿಲ್ಲುವ ಶೆಡ್ಡಿಗೆ ಹೋದಳು. ಮಾವ ಪ್ಯಾಂಟು ಮಡಚಿಕೊಂಡು ಆಂಬ್ಯುಲೆನ್ಸಿನ ಒಳಗಿನ ನೆಲ ತೊಳೆಯುತ್ತಿದ್ದ. ಜೊತೆಯಲ್ಲಿದ್ದ ನರ್ಸು ಅವಳನ್ನು ಕಂಡು, ಏನೋ ನೆನಪಾದವಳ ಹಾಗೆ ಹೊರಗೆ ಹೋದಳು.

"ಮಾವ, ನಾಳೆ ಬೆಳಿಗ್ಗೆ ಸಾಮೂಹಿಕ ಕರೇಲಿ ಎಲ್ಲರ ಮುಂದೆ ಕ್ಷಮೆ ಕೇಳ್ತೀನಿ," ಎಂದಳು.

ಮಾವ ಬ್ರಷ್ಷು ನಿಲ್ಲಿಸಿದ. "ಯಾಕೆ?"

"ಎಲ್ಲರೂ ಕೇಳಿಸ್ಕೊಂಡ್ರಲ್ಲ."

"ಕೇಳಿಸ್ಕೊಳ್ಳದೆ ಇದ್ದೋರು ಇಬ್ಬರೋ ಮೂವರೋ ಉಳಿದಿರ್ತಾರೆ, ಅವರಿಗೂ ಗೊತ್ತಾಗಲಿ ಅಂತಾನಾ? ಪಾಪ, ಒಳ್ಳೆ ಹುಡುಗಿ, ತಪ್ಪು ಒಪ್ಕೊಂಡ್ಲು ಅಂತಾರೆ. ನಂಗೇನಾಗುತ್ತೆ?"

ಮಧ್ಯಾಹ್ನದಿಂದ ಆ ಕ್ಷಮೆಯ ಒಂದೊಂದು ಪದವನ್ನೂ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಅದನ್ನು ಕೇಳಿ ಜನ ತನ್ನನ್ನು ಮತ್ತೆ ಮೆಚ್ಚುವುದನ್ನೂ ಕಲ್ಪಿಸಿಕೊಂಡಿದ್ದಳು. ಆ ಲೆಕ್ಕಾಚಾರದಲ್ಲಿ ಮಾವ ಎಲ್ಲೂ ಇರಲಿಲ್ಲ ಎಂಬುದು ಈಗ ಅವನೆದುರು ನಿಂತಾಗ ಗೊತ್ತಾಯಿತು. ಕಾಲಡಿಯ ನೆಲ ಒದ್ದೆಯಾಗುತ್ತಿದ್ದರೂ ಅವಳು ಸರಿಯಲಿಲ್ಲ.

"ತಪ್ಪಾಯ್ತು ಮಾವ," ಎಂದಳು. ಜೋಡಿಸಿಟ್ಟ ಪದಗಳಲ್ಲಿ ಇಷ್ಟೇ ಹೊರಬಂದದ್ದು.

"ಹೂಂ," ಎಂದ ಅವನು. ಕ್ಷಮಿಸಿದೆ ಎನ್ನಲಿಲ್ಲ. ಮತ್ತೆ ನೆಲ ಉಜ್ಜುತ್ತಾ, ತಲೆ ಎತ್ತದೆಯೇ ಹೇಳಿದ: "ಅಲ್ಲಿ, ಆ ಕೋಣೇಲಿ ಕಲಿಯೋಕೆ ಆಗಲ್ಲ ನಂಗೆ. ಎಲ್ಲರೂ ನೋಡ್ತಾ ಇದ್ರೆ ಕೈ ನಡುಗುತ್ತೆ. ನಗ್ತೀನಿ, ಅಷ್ಟೇ. ಭಾನುವಾರ ಮನೆಗೆ ಬರ್ತೀನಿ."

ಭಾನುವಾರ ಬಂದ. ಅಡುಗೆಮನೆಯ ಮೇಜಿನ ಮೇಲೆ ತರಬೇತಿಯ ಸೆಟ್ಟುಗಳೆರಡನ್ನು ಇಟ್ಟುಕೊಂಡು ಕೂತರು. ಅವನು ಒತ್ತುವುದು, ಅವಸರಪಡುವುದು, ಅವಳು "ತಡಿ ಮಾವ, ಇನ್ನೊಂದ್ಸಲ" ಅನ್ನುವುದು. ಅವಳ ದನಿ ಒಮ್ಮೆಯೂ ಏರಲಿಲ್ಲ. ಏರದಂತೆ ಕಾಯುತ್ತಿದ್ದಾಳೆಂದು ಅವನಿಗೂ ಗೊತ್ತಾಗುತ್ತಿತ್ತು, ಹಾಗಾಗಿ ಇಬ್ಬರೂ ಪರಕೀಯರ ಹಾಗೆ ಮರ್ಯಾದೆಯಿಂದ ನಡೆದುಕೊಂಡರು. ಕೊನೆಗೊಮ್ಮೆ ಬೀಪ್ ಆದ ಮೇಲೆ ಅವನ ಮಾತು ಪಕ್ಕದ ಸೆಟ್ಟಿನಲ್ಲಿ ಪೂರ್ತಿಯಾಗಿ ಕೇಳಿಸಿತು.

ಒಲೆಯ ಮುಂದಿದ್ದ ಅಮ್ಮನಿಗೆ ಯಾವ ವಿಷಯವೂ ಮುಟ್ಟಿರಲಿಲ್ಲ. ತಿರುಗಿ ಕೇಳಿದಳು: "ಹೆಂಗೆ ಕಲಿಸ್ತಾಳೋ ನಿನ್ನ ಸೊಸೆ? ರೇಗ್ತಾಳಾ?"

"ಇಲ್ಲ ಅಕ್ಕ," ಎಂದ ಮಾವ. "ತುಂಬ ತಾಳ್ಮೆ ಅವಳಿಗೆ. ಆಫೀಸಲ್ಲೂ ಎಲ್ಲರೂ ಹೊಗಳ್ತಾರೆ."

ಅಮ್ಮನ ಮುಖ ಅರಳಿತು. ಪುಟ್ಟಿ ತಲೆ ತಗ್ಗಿಸಿ, ಅಗತ್ಯವಿಲ್ಲದಿದ್ದರೂ ಸೆಟ್ಟಿನ ಬ್ಯಾಟರಿ ತೆಗೆದು ಮತ್ತೆ ಹಾಕತೊಡಗಿದಳು.