ಹಾಸಿಗೆ ಹಿಡಿದವರ ಬಟ್ಟಲು

ನಾನು ಒಂದು ಪುಟ್ಟ ಬಟ್ಟಲು. ಬೆಟಗೇರಿಯ ಕಂಚುಗಾರನೊಬ್ಬ ಹಿತ್ತಾಳೆ ಬಡಿದು, ಬೆಳ್ಳಿಯ ಲೇಪ ಕೊಟ್ಟು ನನ್ನನ್ನು ಮಾಡಿದ. ಚರ್ಚಿನ ಮೇಜಿನ ಮೇಲೆ ಮೆರೆಯುವ ಭಾಗ್ಯ ನನ್ನ ದೊಡ್ಡಣ್ಣನದು. ಚರ್ಚಿಗೆ ಬರಲಾರದ ರೋಗಿಗಳಿಗೆ ಕರ್ತನ ಭೋಜನ, ಅಂದರೆ ಶಿಲುಬೆಯಲ್ಲಿ ಸತ್ತ ಕರ್ತನ ನೆನಪಿನ ರೊಟ್ಟಿ-ದ್ರಾಕ್ಷಾರಸ, ಕೊಡಲು ಪಾದ್ರಿ ಅಯ್ಯನವರ ಚೀಲದಲ್ಲಿ ಹೋಗುವುದು ನನ್ನ ಪಾಲಿನ ಕೆಲಸ. ನಾನು ಬಂದೆನೆಂದರೆ ಸಾವು ಹೊಸ್ತಿಲಲ್ಲಿದೆ ಎಂದೇ ಮನೆಮಂದಿಯ ಲೆಕ್ಕ. ನನ್ನನ್ನು ನೋಡಿ ನಕ್ಕವರನ್ನು ನಾನು ಕಂಡಿಲ್ಲ.

ಹಲವು ಅಯ್ಯನವರ ಕೈ ದಾಟಿ ಕರುಣಾಕರ ಅಯ್ಯನವರ ಚೀಲ ಸೇರಿದೆ. ಒಂದು ಮಧ್ಯಾಹ್ನ ಅವರು ನನ್ನನ್ನು ಎಲೀಶನ ಮನೆಗೆ ಒಯ್ದರು. ಲಿವರ್ ಕೆಟ್ಟು ಅವನ ಹೊಟ್ಟೆ ಊದಿತ್ತು. ಈ ಎಲೀಶ ಹಿಂದೊಮ್ಮೆ ಕುಡಿದ ಅಮಲಿನಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ತೆಗೆಯುವಾಗ ಅವನ ಅಕ್ಕ ಸುಗುಣವ್ವನ ಒಬ್ಬನೇ ಮಗ ಗಾಲಿಗೆ ಸಿಕ್ಕು ಸತ್ತಿದ್ದ. ಅಂದಿನಿಂದ ಎಲೀಶ ಕರ್ತನ ಭೋಜನ ಮುಟ್ಟಿರಲಿಲ್ಲ. ಈಗ ಬೇರೆ ಗತಿಯಿಲ್ಲದೆ ಸುಗುಣವ್ವನೇ ಅವನಿಗೆ ಗಂಜಿ ಕುಡಿಸುತ್ತಿದ್ದಳು, ಮಾತಿಲ್ಲದೆ.

ಅಯ್ಯನವರು ನನ್ನಲ್ಲಿ ದ್ರಾಕ್ಷಾರಸ ಸುರಿದರು. ಎಲೀಶ ಮುಖ ತಿರುವಿದ.

"ಬ್ಯಾಡ್ರಿ ಅಯ್ನೋರ. ಅಯೋಗ್ಯ ಇದನ್ನ ಕುಡದ್ರ ಶಿಕ್ಷಾನ ಕುಡದಂಗ ಅಂತ ಬರದೈತಿ. ನರಕ ನನಗ ಖಾತ್ರಿ ಐತಿ."

"ಮಂದಿ ಯೋಗ್ಯ ಇದ್ದಿದ್ರ ಕರ್ತ ಯಾಕ ಸಾಯಬೇಕಿತ್ತೋ?" ಎಂದರು ಅಯ್ಯನವರು. ಎಲೀಶ ತುಟಿ ಬಿಗಿಹಿಡಿದ.

ಆಗ ಸುಗುಣವ್ವ ಅಯ್ಯನವರ ಕೈಯಿಂದ ನನ್ನನ್ನು ಕಿತ್ತುಕೊಂಡಳು. ತಮ್ಮನ ಬಾಯಿಗೆ ಹಿಡಿದಳು.

"ಎಲೀಶಾ, ನಾ ನಿನಗ ಇನ್ನೂ ಕ್ಷಮಾ ಮಾಡಿಲ್ಲ. ನನಗ ಆಗವಲ್ದು. ಆದರ ಕರ್ತ ನನ್ನಂಗ ಅಲ್ಲೋ. ನನ್ನ ಮನಸ್ಸು ತಿಳಿಯಾಗೂ ತನಕ ಅಂವಾ ಕಾಯಲಿಲ್ಲ. ನೀ ಎಂಥಾವ ಅಂತ ಗೊತ್ತಿದ್ದೂ ನಿನ್ನ ಸಲುವಾಗಿ ಸತ್ತಾನ. ಕುಡಿ."

ಎಲೀಶ ಕುಡಿದ. ಅವನ ಹಲ್ಲು ನನ್ನ ಅಂಚಿಗೆ ಕಟಕಟ ಬಡಿಯಿತು. ಅಯ್ಯನವರು ನನ್ನನ್ನು ಸುಗುಣವ್ವನ ತುಟಿಗೆ ತಂದರು. ಅವಳು ಹಿಂದೆ ಸರಿದಳು.

"ನನಗ ಬ್ಯಾಡ್ರಿ. ಒಳಗ ಬರೇ ಬೆಂಕಿ ಐತಿ."

"ಅಕ್ಕಾ," ಎಲೀಶನ ದನಿ ಕೇಳುವಂತಿರಲಿಲ್ಲ, "ಈಗ ನೀನ ಹೇಳಿದೆಲ್ಲಾ. ಕುಡಿ."

ಅವಳು ಬಿಕ್ಕುತ್ತ ಕುಡಿದಳು. ಅಷ್ಟು ಭಾರವಾದ ಗುಟುಕನ್ನು ನಾನು ಇನ್ನಾರಿಗೂ ಕೊಟ್ಟಿಲ್ಲ.

ಎಲೀಶ ಆ ವಾರವೇ ತೀರಿಕೊಂಡ. ಈಗ ರೋಗಿಗಳಿಗೂ ಪ್ಲಾಸ್ಟಿಕ್ ಕಪ್ಪು ಬಂದಿದೆ. ಲೇಪ ಸುಲಿದ ನಾನು ಚರ್ಚಿನ ಕಪಾಟಿನ ಮೂಲೆ ಸೇರಿದ್ದೇನೆ. ಬಾಗಿಲ ಸಂದಿನಿಂದ ಸಮಾಧಿಗಳು ಕಾಣುತ್ತವೆ. ಸುಗುಣವ್ವ ಮಗನ ಗೋರಿಗೆ ಹೂವಿಟ್ಟು, ತಮ್ಮನದರ ಕಡೆ ತಿರುಗಿಯೂ ನೋಡದೆ ಹೋಗುತ್ತಾಳೆ. ನನಗೆ ಸಂಕಟವಾಗುತ್ತದೆ. ಆದರೆ ಕರ್ತನ ಭೋಜನದ ಭಾನುವಾರವನ್ನು ಅವಳು ತಪ್ಪಿಸುವುದಿಲ್ಲ. ಕ್ಷಮಿಸಲಾರದ ಆ ಎದೆಯನ್ನೇ ಹೊತ್ತು ಬಂದು, ಮೊಣಕಾಲೂರಿ, ಕುಡಿಯುತ್ತಾಳೆ.