ಅಂಕಿ ಅಂಟಿಸದ ಲುಟ್‌ಗಾರ್ಡ್

ಲುಟ್‌ಗಾರ್ಡ್ ಕ್ಲಾಸೆನ್ನಳ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉಳಿದ ಒಂಬತ್ತಕ್ಕಿಂತ ಅರ್ಧ ಅಂಗುಲ ಉದ್ದ. ಅಲಂಕಾರಕ್ಕಲ್ಲ, ವಿನೈಲ್ ಸ್ಟಿಕ್ಕರ್ ಹಾಳೆಯ ಅಂಚನ್ನು ಹಿಂಬದಿಯ ಕಾಗದದಿಂದ ಎಬ್ಬಿಸಲು ಅದಕ್ಕಿಂತ ನಾಜೂಕಾದ ಸಲಕರಣೆ ಇಡೀ ಬೆಲ್ಜಿಯಂನಲ್ಲಿ ಇಲ್ಲವೆಂಬುದು ಅವಳ ಸಿದ್ಧಾಂತ. ನಮ್ಮ ಕೆಂಪನ್ ಸೀಮೆಯ ಮರಳುನೆಲದಲ್ಲಿ ಮೋಟೋಕ್ರಾಸ್ ಎಂಬ ಉಬ್ಬುತಗ್ಗಿನ ಬೈಕ್ ಓಟಕ್ಕೆ ಇಳಿಯುವವರು ತಮ್ಮ ಬೈಕಿನ ಮೈಗೆ ಬಣ್ಣ, ಹೆಸರು, ಅಂಕಿಗಳನ್ನು ತೊಡಿಸಲು ಮೂವತ್ತು ವರ್ಷಗಳಿಂದ ಆ ಉಗುರಿನ ಬಳಿಗೇ ಬರುತ್ತಿದ್ದಾರೆ. ಮುದ್ರಣಯಂತ್ರಕ್ಕೂ ಗೋಡೆಗೂ ನಡುವಿನ ಇಕ್ಕಟ್ಟಿನಲ್ಲಿ ಓಡಾಡಿ ಓಡಾಡಿ ಅವಳ ನಡಿಗೆಯೇ ಏಡಿಯಂತೆ ಅಡ್ಡವಾಗಿದೆ; ಬ್ರೆಡ್ ತರಲು ಬೀದಿಗಿಳಿದಾಗಲೂ ಒಂದು ಭುಜವನ್ನು ಮುಂದೆ ಮಾಡಿಯೇ ಹೋಗುತ್ತಾಳೆ. ತೀರಿಹೋದ ಗಂಡನ ನೀಲಿ ಕೋಟನ್ನು ಅವಳು ಕೆಲಸಕ್ಕೆ ತೊಡುತ್ತಾಳೆ. ಅದರ ತೋಳುಗಳಿಗೆ ವರ್ಷಾನುವರ್ಷದ ಬಣ್ಣದ ಚೂರುಗಳು ಅಂಟಿ, ನೀಲಿಯೆಂಬುದನ್ನು ಈಗ ನಾವು ನಂಬಬೇಕಷ್ಟೆ.

ಯಾರು ಏನು ಕೇಳಿದರೂ ಅವಳ ಉತ್ತರ, "ಮೊದ್ಲು ಒರ್ಸು." ಸ್ಪಿರಿಟ್ಟಿನಲ್ಲಿ ಮೂರು ಬಾರಿ ಒರೆಸದ ಪ್ಲಾಸ್ಟಿಕ್ಕನ್ನು ಮುಟ್ಟುವವಳಲ್ಲ. ಇಂಥವಳೂ ಒಮ್ಮೆ ಅವಸರದಲ್ಲಿ ಪೆಟ್ರೋಲ್ ಟ್ಯಾಂಕಿಗೆ ಸೂಜಿತೂತುಗಳಿಲ್ಲದ ಹಾಳೆ ಅಂಟಿಸಿಬಿಟ್ಟಳು. ಪ್ಲಾಸ್ಟಿಕ್ ಟ್ಯಾಂಕಿನ ಮೈಯಿಂದ ಪೆಟ್ರೋಲಿನ ಆವಿ ಸದಾ ಹೊರಬರುತ್ತಿರುತ್ತದೆ; ದಾರಿ ಸಿಗದಿದ್ದರೆ ಹಾಳೆಯಡಿ ಬೊಬ್ಬೆಯೇಳುತ್ತದೆ. ವಾರದೊಳಗೆ ಬೈಕಿಗೆ ಸಿಡುಬು ಎದ್ದಂತಾಯಿತು. ಗಿರಾಕಿ ನಕ್ಕು ಸುಮ್ಮನಾದ, ಇವಳು ಸುಮ್ಮನಾಗಲಿಲ್ಲ. ಅವನ ಮನೆಗೇ ಹೋಗಿ, ಮಂಡಿಯೂರಿ ಎಲ್ಲವನ್ನೂ ಕಿತ್ತು, ಹೊಸದು ಅಂಟಿಸಿ ಬಂದಳು.

ಇಷ್ಟೆಲ್ಲ ಮಾಡುವವಳು ಒಂದನ್ನು ಮಾತ್ರ ಮಾಡಳು. ಬೈಕಿನ ಮುಂಭಾಗದ ಅಂಕಿಯನ್ನು ಮುದ್ರಿಸಿ, ಕತ್ತರಿಸಿ ಕೊಡುವಳು, ಅಂಟಿಸಬೇಕಾದವನು ಸವಾರನೇ. ಅದು ಅವಳ ಅಂಗಡಿಯ ಕಟ್ಟಳೆ.

ಹೋದ ವಸಂತದಲ್ಲಿ ನಲವತ್ತಾರು ವರ್ಷದ ಯೋರಿಸ್, ಪೆಂತೆಕೋಸ್ತ್ ಹಬ್ಬದ ಭಾನುವಾರದ ಓಟಕ್ಕೆಂದು ಬೈಕಿಗೆ ಹೊಸ ಸ್ಟಿಕ್ಕರ್ ಸೆಟ್ಟು ಮಾಡಲು ಹೇಳಿಹೋದ. ಹಿಂದಿನ ವರ್ಷ ಬಿದ್ದು ಎಡಭುಜವನ್ನೂ ಕುತ್ತಿಗೆಯನ್ನೂ ಮುರಿದುಕೊಂಡಿದ್ದವನು. ಇನ್ನೊಮ್ಮೆ ಬಿದ್ದರೆ ಏಳುವುದಿಲ್ಲವೆಂದು ವೈದ್ಯರು ಹೇಳಿದ್ದರು. ಮರುದಿನವೇ ಅವನ ಹೆಂಡತಿ ವೀರ್ಲ ಅಂಗಡಿಗೆ ಬಂದಳು.

"ಮಾಡ್ಕೊಡ್ಬೇಡಿ. ನಿಮ್ಮ ನಂಬರಿಲ್ದೆ ಅವನು ಓಟಕ್ಕೆ ಇಳಿಯಲ್ಲ."

"ಒತ್ತಿ ಮುಚ್ಚಿಟ್ರೆ ಬೊಬ್ಬೆ ಏಳುತ್ತೆ ವೀರ್ಲ."

"ನನ್ನ ಗಂಡ ಪೆಟ್ರೋಲ್ ಟ್ಯಾಂಕಲ್ಲ!"

ಲುಟ್‌ಗಾರ್ಡ್ ಅವಳಿಗೆ ಕಾಫಿ ಕೊಟ್ಟಳು, ಮಾತು ಕೊಡಲಿಲ್ಲ.

ಯೋರಿಸ್ ಬಂದ ದಿನ ಸಲಕರಣೆ ಕೊಳ್ಳಲು ಹೋಗಿದ್ದ ನಾನೂ ಅಲ್ಲಿದ್ದೆ. ಅಂಕಿಯೊಂದನ್ನು ಬಿಟ್ಟು ಎಲ್ಲ ಅಂಟಿಸಿ ನಿಲ್ಲಿಸಿದ್ದ ಹಸಿರು-ಬಿಳಿಯ ಆ ಬೈಕಿನಷ್ಟು ಚೆಂದದ್ದನ್ನು ಅವಳು ಹಿಂದೆ ಮಾಡಿರಲಾರಳು. ಅವನು ತನ್ನ ಓಟದ ಅಂಕಿ ಎಪ್ಪತ್ತೊಂದನ್ನು ಕೈಗೆತ್ತಿಕೊಂಡ. ಹಾಳೆಯನ್ನು ಎರಡೂ ಕೈಯಿಂದ ಎಳೆದು ಬಿಗಿಹಿಡಿದು, ಎದೆಯ ಮಟ್ಟದಲ್ಲಿ ನೇರವಾಗಿ ಇಳಿಸಬೇಕು. ಎಡತೋಳು ಅಲ್ಲಿಯವರೆಗೆ ಏಳಲಿಲ್ಲ. ಅಂಕಿ ಸೊಟ್ಟಗೆ ಕೂತು ಸುಕ್ಕಾಯಿತು. ಅವಳು ಇನ್ನೊಂದು ಮುದ್ರಿಸಿದಳು. ಅದೂ ಸುಕ್ಕಾಯಿತು. ಮೂರನೆಯದಕ್ಕೆ ಅವನ ಹಣೆ ಬೆವರಿತ್ತು.

"ನೀವೇ ಅಂಟ್ಸಿಬಿಡಿ. ಯಾರ್ ನೋಡ್ತಾರೆ?"

"ನಿನ್ನ ಕೈಲಾಗೋದಾದ್ರೆ ನೂರು ಹಾಳೆ ಮಾಡ್ಕೊಡ್ತೀನಿ ಯೋರಿಸ್. ನಾನು ಕೈ ಹಾಕಲ್ಲ."

ಅವನು ತನ್ನ ಎಡಗೈಯನ್ನು ಬಹಳ ಹೊತ್ತು ನೋಡಿದ. ಬೇರೆ ಯಾರಿಂದಲಾದರೂ ಅಂಟಿಸಿಕೊಳ್ಳಬಹುದಿತ್ತು. ಆದರೆ ಹ್ಯಾಂಡಲ್ ಹಿಡಿಯಬೇಕಾದದ್ದು ಆ ಕೈಯೇ ತಾನೆ? "ಕಲ್ಲೆದೆಯವಳು!" ಎಂದು ಕೂಗಿ, ಅಂಕಿಯಿಲ್ಲದ ಬೈಕನ್ನು ಗಾಡಿಗೇರಿಸಿಕೊಂಡು ಹೋದ. ಭಾನುವಾರ ಓಟದಲ್ಲಿ ಅವನಿರಲಿಲ್ಲ. ಇಪ್ಪತ್ತು ವರ್ಷದ ಗೆಳೆತನ ಅಲ್ಲಿಗೆ ಮುಗಿಯಿತು. ಅವನ ಕ್ಲಬ್ಬಿನವರೂ ಈಗ ಬೇರೆ ಕಡೆ ಹೋಗುತ್ತಾರೆ. ಅವಳಿಗೆ ಅದರಿಂದ ನೋವಾಗಿದೆ, ನಾನು ಬಲ್ಲೆ.

ವೀರ್ಲ ಚೆರ್ರಿ ಟಾರ್ಟ್ ಮಾಡಿಕೊಂಡು ಧನ್ಯವಾದ ಹೇಳಲು ಬಂದಾಗ ಲುಟ್‌ಗಾರ್ಡ್ ತೆಗೆದುಕೊಳ್ಳಲಿಲ್ಲ. "ನಿನ್ನ ಮಾತು ಕೇಳಿ ಮಾಡಿದ್ದಲ್ಲ ಕಣೆ. ಅವನು ನೆಟ್ಟಗೆ ಅಂಟ್ಸಿದ್ರೆ ನಾನೇ ಕಳಿಸ್ತಿದ್ದೆ."

ಹೋಗು ಎನ್ನುವವರೂ ಬೇಡ ಎನ್ನುವವರೂ ಎಲ್ಲ ಊರಿನಲ್ಲೂ ಧಾರಾಳವಾಗಿ ಸಿಗುತ್ತಾರೆ. ನಮ್ಮ ಶಕ್ತಿಯ ಅಳತೆಯನ್ನು ನಾವೇ ತೆಗೆದುಕೊಳ್ಳುವಂತೆ ಬಿಟ್ಟು, ಆ ಕ್ರೂರ ಗಳಿಗೆಯಲ್ಲಿ ಮುಖ ತಿರುಗಿಸದೆ ಎದುರಿಗೆ ನಿಲ್ಲುವವರು ವಿರಳ. ಅವರಿಗೆ ಕೃತಜ್ಞರಾಗಿರುವುದು ನಮ್ಮಿಂದಾಗದ ಕೆಲಸ. ಕಲ್ಲೆದೆಯವರೆಂದು ಕರೆದು ಸಮಾಧಾನಪಡುತ್ತೇವೆ. ಯೋರಿಸ್ ಈಗಲೂ ಹಾಗೆಯೇ ಅನ್ನುತ್ತಾನೆ. ಅನ್ನಲು ಬದುಕಿದ್ದಾನೆ.