ಹಿತ್ತಲ ರೈಲುಮನೆ

ನೆವಿಲ್‌ನ ಮುಷ್ಟಿ ವಾಲ್ಟರ್‌ನ ಬಾಯಿಗೆ ಬಿದ್ದಾಗ ಶವಪೆಟ್ಟಿಗೆ ಇನ್ನೂ ಪೂರ್ತಿಯಾಗಿ ಕಾರಿನಿಂದ ಹೊರಗೆ ಬಂದಿರಲಿಲ್ಲ. ಅರ್ಧ ಒಳಗೆ, ಅರ್ಧ ಹೊರಗೆ. ಮುಂದಿನ ತುದಿ ಹಿಡಿದಿದ್ದ ವಾಲ್ಟರ್ ಕೈ ಬಿಟ್ಟು ಚರ್ಚಿನ ಮೆಟ್ಟಿಲ ಮೇಲೆ ಕುಸಿದ. ಅವನ ಕಟ್ಟುಹಲ್ಲಿನ ಸೆಟ್ಟು ಜಲ್ಲಿಕಲ್ಲಿನ ಮೇಲೆ ಬಿತ್ತು. ಪೆಟ್ಟಿಗೆ ವಾಲಿತು. ಶವಸಂಸ್ಕಾರದ ಕಂಪನಿಯ ಇಬ್ಬರು ಹೆಗಲು ಕೊಟ್ಟು ತಡೆದರು.

"ಇನ್ನೊಂದ್ಸಲ ಹೇಳು," ಎಂದ ನೆವಿಲ್. "ಅವನ ಕೈ ಬಗ್ಗೆ ಏನೋ ಅಂದ್ಯಲ್ಲ, ಎಲ್ಲರಿಗೂ ಕೇಳೋ ಹಾಗೆ ಹೇಳು."

ವಾಲ್ಟರ್ ಅಂದದ್ದು ಸಮಾಧಾನದ ಮಾತು. ನಿಮ್ಮಪ್ಪಂದು ಬಂಗಾರದಂಥ ಕೈ ಕಣಪ್ಪಾ, ಆ ಕೈಯಿಂದ ಒಂದು ಇರುವೆಗೂ ನೋವಾಗಿರಲಾರದು, ಎಂದಿದ್ದ. ಪುಟ್ಟ ಮಾದರಿ ರೈಲು ಕಟ್ಟುವವರ ಸಂಘದಲ್ಲಿ, ಈಗ ಪೆಟ್ಟಿಗೆಯಲ್ಲಿರುವ ಸಿರಿಲ್ ಹಾರ್ಗ್ರೀವ್ಸ್‌ನ ಪಕ್ಕದ ಕುರ್ಚಿಯಲ್ಲಿ ಅರ್ಧ ಆಯುಷ್ಯ ಕಳೆದವನು ಅವನು. ಬೆಂಕಿಕಡ್ಡಿಯಷ್ಟು ಸಣ್ಣ ಸಿಗ್ನಲ್ ಕಂಬಕ್ಕೆ ಸಿರಿಲ್ ಬಣ್ಣ ಹಚ್ಚುವುದನ್ನು ಉಸಿರು ಬಿಗಿಹಿಡಿದು ನೋಡಿದವನು. ಅವನಿಗೆ ಬೇರೆ ಸಿರಿಲ್ ಗೊತ್ತಿರಲಿಲ್ಲ.

ನೆವಿಲ್‌ಗೆ ಗೊತ್ತಿತ್ತು. ಅವನ ದವಡೆ ಎಡಕ್ಕೆ ಸೊಟ್ಟಗಿತ್ತು. ಸಿಟ್ಟು ಬಂದಾಗ ಆ ಸೊಟ್ಟ ಇನ್ನೂ ಎದ್ದು ಕಾಣುತ್ತಿತ್ತು.

ಹಿಂದಿನ ಕಾರಿನಿಂದ ಅವನ ತಾಯಿ ಎಡ್ನಾ ಇಳಿದು ಬಂದಳು. ಸಣ್ಣ ಮೈಕಟ್ಟು. ಗಂಡನ ಶವಸಂಸ್ಕಾರಕ್ಕೆ ಹಾಕಿಕೊಂಡ ಕಪ್ಪು ಕೋಟು ಮಗಳದ್ದು, ಭುಜದಲ್ಲಿ ಜೋಲುತ್ತಿತ್ತು. ಬಗ್ಗಿ ಹಲ್ಲಿನ ಸೆಟ್ಟು ಎತ್ತಿಕೊಂಡು, ಕೋಟಿನ ಅಂಚಿಗೆ ಒರೆಸಿ, ವಾಲ್ಟರ್‌ನ ಕೈಗಿಟ್ಟಳು.

"ಎದ್ದೇಳು ವಾಲ್ಟರ್. ಮುಂದೆ ನೀನು ಹಿಡಿ. ನೆವಿಲ್, ನೀನು ಹಿಂದೆ. ಅವನನ್ನ ಮಣ್ಣಿಗೆ ಹಾಕೋವರೆಗೂ ಇಬ್ಬರೂ ಬಾಯಿ ಬಿಡಬೇಡಿ."

"ಬಿಡೋಕೆ ಬಾಯಿ ಎಲ್ಲುಳೀತು ಎಡ್ನಾ," ಎಂದ ವಾಲ್ಟರ್ ರಕ್ತ ಉಗುಳಿ. ಆದರೂ ಎದ್ದ. ಹಿಡಿದ. ಅವನ ತುಟಿಯ ರಕ್ತ ಪೆಟ್ಟಿಗೆಯ ಹೊಳಪಿನ ಮೇಲೆ ಹನಿಯಿತು. ಒರೆಸಲು ಯಾರ ಕೈಯೂ ಖಾಲಿ ಇರಲಿಲ್ಲ.

ಪಾದ್ರಿ ಊರಿಗೆ ಹೊಸಬ. ಸಂಘದವರು ಹೇಳಿಕೊಟ್ಟಷ್ಟನ್ನು ಹೇಳಿದ. ರೈಲು ವ್ಯಾಗನ್ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ದುಡಿದವರು, ತಾಳ್ಮೆಯ ಮನುಷ್ಯ, ಅವರ ಹಿತ್ತಲಿನ ಮರದ ಕ್ಯಾಬಿನ್ನಿನ ಪುಟ್ಟ ರೈಲುಗಳನ್ನು ಈ ಊರಿನ ಮಕ್ಕಳು ಮರೆಯಲಾರರು. ಹಿಂದಿನ ಸಾಲಿನಲ್ಲಿ ಯಾರೋ ಹೆಂಗಸು ಮೂಗು ಸೀಟಿದಳು. ನೆವಿಲ್ ಮುಂದಿನ ಬೆಂಚಿನ ಮರವನ್ನು ಉಗುರಿನಿಂದ ಕೆರೆಯುತ್ತಲೇ ಇದ್ದ. ಗುಂಡಿಯ ಬಳಿ ಎಲ್ಲರೂ ಹಿಡಿ ಮಣ್ಣು ಉದುರಿಸಿದರೆ ಅವನು ಹೆಪ್ಪುಗಟ್ಟಿದ ಹೆಂಟೆಯೊಂದನ್ನು ಆರಿಸಿ, ತೋಳು ಹಿಂದಕ್ಕೆಳೆದು, ನಾಯಿಗೆ ಕಲ್ಲು ಹೊಡೆದಂತೆ ಬೀಸಿ ಹೊಡೆದ. ಪೆಟ್ಟಿಗೆಯ ಮುಚ್ಚಳ ದಢಾರೆಂದಿತು. ಅವನ ತಂಗಿ ಡೋರೀನ್ ಕಣ್ಣು ಮುಚ್ಚಿಕೊಂಡಳು.

*

ನೆವಿಲ್ ಹುಡುಗನಾಗಿದ್ದ ಕಾಲ. ಅವರ ಬೀದಿಯಲ್ಲಿ ಅಕ್ಕಪಕ್ಕದ ಮನೆಗಳಿಗೆ ಗೋಡೆ ಒಂದೇ. ಸಿರಿಲ್‌ನ ಮನೆಯಲ್ಲಿ ದನಿ ಏರಿದರೆ ಆಚೀಚೆಯವರು ರೇಡಿಯೋ ಜೋರು ಮಾಡುತ್ತಿದ್ದರು. ಮರುದಿನ ಎಡ್ನಾಳ ಕಣ್ಣು ಊದಿದ್ದರೆ, "ಬೀರುವಿನ ಬಾಗಿಲು ತಾಗಿತಾ?" ಎಂದು ಅವರೇ ಕೇಳಿ ಅವಳ ಕೆಲಸ ಹಗುರ ಮಾಡುತ್ತಿದ್ದರು. ಕಾರ್ಖಾನೆಯಲ್ಲಿ ದಿನವಿಡೀ ಕೆಂಪಗೆ ಕಾದ ಮೊಳೆ ಬಡಿಯುವ ತೋಳು ಸಿರಿಲ್‌ನದು. ಮನೆಗೆ ಬಂದ ಮೇಲೂ ಅದಕ್ಕೆ ನಿಲ್ಲುವುದು ತಿಳಿಯುತ್ತಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಸಿರಿಲ್ ಊಟದ ಮೇಜಿನಲ್ಲಿ ಬೆಂದ ಕುರಿಮಾಂಸ ಕೊಯ್ಯುತ್ತಿದ್ದ. ಮೊದಲ ತುಂಡು ಎಂದಿನಂತೆ ತನ್ನ ತಟ್ಟೆಗೆ. ಆಗಷ್ಟೇ ಮೀಸೆ ಚಿಗುರುತ್ತಿದ್ದ ನೆವಿಲ್, "ಅಮ್ಮ ಕಂಡವರ ಮನೆ ನೆಲ ಒರೆಸಿ ತಂದ ಮಾಂಸ. ಮೊದಲು ಅವಳಿಗೆ ಹಾಕಬೇಕು," ಎಂದ.

ಸಿರಿಲ್ ಚಾಕುವನ್ನು ನಿಧಾನವಾಗಿ ಕೆಳಗಿಟ್ಟ. ಆಮೇಲೆ ಹೊಡೆದ. ಒಣ ಕಡ್ಡಿ ಮುರಿದ ಸದ್ದು ಬಂತು. ಹುಡುಗ ಕುರ್ಚಿಯ ಸಮೇತ ಹಿಂದಕ್ಕೆ ಬಿದ್ದ. ಅವನ ಎದೆಯ ಮೇಲೆ ಮಂಡಿಯೂರಿ ಸಿರಿಲ್ ಮತ್ತೆ ಕೈ ಎತ್ತಿದ. ಮೇಜಿನ ಕೆಳಗೆ ಅಡಗಿದ್ದ ಪುಟ್ಟ ಡೋರೀನ್‌ಳ ತಲೆಯ ಮೇಲೆ ಬಿಸಿ ಸಾರು ತೊಟ್ಟಿಕ್ಕುತ್ತಿತ್ತು. ಅವಳು ಅಳಲಿಲ್ಲ. ಅವಳಿಗೆ ಕಂಡದ್ದು ಅಮ್ಮನ ಕಾಲುಗಳು ಮಾತ್ರ. ಒಲೆಯ ಕಡೆಗೆ ಹೋದವು, ತಿರುಗಿ ಬಂದವು.

ಎಡ್ನಾ ಕಲ್ಲಿದ್ದಲಿನ ಸಲಿಕೆಯನ್ನು ಎರಡೂ ಕೈಯಲ್ಲಿ ಹಿಡಿದು, ಗಂಡ ಎತ್ತಿದ್ದ ಆ ತೋಳಿನ ಮೇಲೆ ಇಳಿಸಿದಳು. ತೋಳು ಇಳಿಯಲಿಲ್ಲ. ಮತ್ತೆ ಇಳಿಸಿದಳು. ಈ ಸಲ ಎಲುಬಿನ ಸದ್ದು ಬಂತು.

"ಇನ್ನೊಂದ್ಸಲ ನನ್ನ ಮಕ್ಕಳನ್ನ ಮುಟ್ಟಿದ್ರೆ ತಲೆಗೇ ಹಾಕ್ತೀನಿ," ಎಂದಳು. "ನೀನು ಮಲಗಿದ್ದಾಗ."

ಹುಡುಗ ಗೋಡೆ ಹತ್ತಲು ಹೋಗಿ ಬಿದ್ದ, ಗಂಡ ಅಂಗಳದಲ್ಲಿ ಜಾರಿದ ಎಂದು ಆಸ್ಪತ್ರೆಯಲ್ಲಿ ಹೇಳಿದಳು. ದವಡೆಗೆ ತಂತಿ ಬಿಗಿಸಿಕೊಂಡ ನೆವಿಲ್ ಬಂದರಿನ ಊರಿನಲ್ಲಿದ್ದ ಅಜ್ಜಿಯ ಮನೆಗೆ ಹೋದ. ಅಲ್ಲಿಂದ ಹಡಗಿನ ಕೆಲಸಕ್ಕೆ. ಅಗಿಯಲಾಗದೆ ಗಂಜಿ ಕುಡಿಯುತ್ತಿದ್ದ ಮೊದಲ ವಾರಗಳಲ್ಲಿ ಅವನಿಗೆ ಮನೆಯಿಂದ ಬಂದ ಸುದ್ದಿ ಒಂದೇ: ಅಪ್ಪ ಹಿತ್ತಲಿನಲ್ಲಿ ಕ್ಯಾಬಿನ್ ಕಟ್ಟುತ್ತಿದ್ದಾನೆ. ಆಮೇಲೆ ಅದರಲ್ಲಿ ಆಟದ ರೈಲು ಬಿಡುತ್ತಿದ್ದಾನೆ ಎಂದೂ ಕೇಳಿದ. ಅವನು ಅದನ್ನು ಮರೆಯಲಿಲ್ಲ.

*

ಮಣ್ಣು ಮಾಡಿ ಬಂದವರಿಗೆಲ್ಲ ಮನೆಯಲ್ಲಿ ಚಹಾ, ಹ್ಯಾಮ್ ಇಟ್ಟ ಬ್ರೆಡ್ಡು, ಹಂದಿಮಾಂಸ ತುಂಬಿ ಬೇಯಿಸಿದ ಪೈ. ನೆವಿಲ್ ಚಹಾ ಮುಟ್ಟಲಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ನಿಂತು ವಿಸ್ಕಿ ಕುಡಿಯುತ್ತ ಹಿತ್ತಲು ನೋಡುತ್ತಿದ್ದ. ಹುಲ್ಲಿನ ಕೊನೆಯಲ್ಲಿ, ಬೇಲಿಗೆ ಬೆನ್ನು ಕೊಟ್ಟು, ಹಸಿರು ಬಣ್ಣದ ಕ್ಯಾಬಿನ್ ನಿಂತಿತ್ತು.

"ಪಾಲಿನ್ ಅತ್ತಿಗೆ ಯಾಕೆ ಬರಲಿಲ್ಲ?" ಎಂದಳು ಡೋರೀನ್, ತಟ್ಟೆ ಜೋಡಿಸುತ್ತ.

"ಕೆಲಸ ಇತ್ತು."

"ನನಗೆ ಫೋನ್ ಮಾಡಿದ್ಲು. ಕೈಗೆ ಪಟ್ಟಿ ಹಾಕಿದಾರಂತೆ. ಮನೆಗೆ ವಾಪಸ್ ಬರಲ್ಲ ಅಂದ್ಲು ಕಣೋ."

ನೆವಿಲ್ ಲೋಟವನ್ನು ಕಿಟಕಿಯ ಕಟ್ಟೆಯ ಮೇಲೆ ಕುಕ್ಕಿದ. "ನಮ್ಮ ಮನೆ ವಿಷಯ ನಿನಗ್ಯಾಕೆ?"

ಎಡ್ನಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

ಆ ಹೊತ್ತಿಗೇ ವಾಲ್ಟರ್ ಒಳಗೆ ಬಂದ. ತುಟಿ ಬದನೆಕಾಯಿಯಂತೆ ಊದಿತ್ತು. ಮನಸ್ಸಿನಲ್ಲಿ ಹಗೆ ಇಟ್ಟುಕೊಳ್ಳುವ ಮನುಷ್ಯನಲ್ಲ. "ಎಡ್ನಾ, ಸಂಘದವರು ಕೇಳ್ತಿದಾರೆ. ರೈಲೆಲ್ಲ ಬಿಚ್ಚಿ ತಗೊಂಡೋಗಿ ನಮ್ಮ ಸಂಘದ ಕಟ್ಟಡದಲ್ಲಿ ಜೋಡಿಸ್ತೀವಿ. ಅವನ ಹೆಸರಲ್ಲಿ ಒಂದು ಹಿತ್ತಾಳೆ ಫಲಕ..."

"ಫಲಕ," ಎಂದ ನೆವಿಲ್. ನಕ್ಕ. "ನನ್ನ ದವಡೆ ಮುರಿದ. ಆಮೇಲೆ ತನಗೇ ತಾನೇ ಆಟದ ಸಾಮಾನು ತಂದ್ಕೊಂಡ. ಅದಕ್ಕೆ ನೀವು ಫಲಕ ಹಾಕ್ತೀರಿ."

ಅವನು ಹಿಂಬಾಗಿಲು ತೆರೆದು ಹೊರಟ. ಕಲ್ಲಿದ್ದಲ ಗೂಡಿನೊಳಗಿಂದ ದೊಡ್ಡ ಸುತ್ತಿಗೆ ಎಳೆದುಕೊಂಡು ಹುಲ್ಲಿನ ಮೇಲೆ ನಡೆದ. ಮುಂದಿನ ಕೋಣೆಯಲ್ಲಿದ್ದ ಗಂಡಸರು ಕುರ್ಚಿ ದೂಡಿ ಎದ್ದರು.

"ಕೂತ್ಕೊಳ್ಳಿ," ಎಂದಳು ಎಡ್ನಾ. "ಪೈ ತಿನ್ನಿ. ಯಾರೂ ಬರಬೇಡಿ."

ಕೈಯಲ್ಲಿದ್ದ ಚಹಾದ ಕಪ್ಪು ಸಾಸರಿನ ಸಮೇತ ಅವಳೂ ಹೊರಗೆ ಹೋದಳು. ಡೋರೀನ್ ಮತ್ತು ವಾಲ್ಟರ್ ಅವಳ ಹಿಂದೆ ಓಡಿದರು.

ನೆವಿಲ್ ಆ ಕ್ಯಾಬಿನ್ನಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಎದೆಯ ಎತ್ತರದಲ್ಲಿ ಮೂರು ಗೋಡೆಗೂ ಹಲಗೆ ಹಾಯಿಸಿ ಅದರ ಮೇಲೆ ಒಂದು ಕಣಿವೆ. ಗುಡ್ಡ, ಸುರಂಗ, ಸೇತುವೆ, ಹೆಂಚಿನ ನಿಲ್ದಾಣ. ಪ್ಲಾಟ್‌ಫಾರಂ ಮೇಲೆ ಅಕ್ಕಿಕಾಳಿನಷ್ಟು ಪುಟ್ಟ ಪೆಟ್ಟಿಗೆಗಳ ಪಕ್ಕ ಗೊಂಬೆಜನ ಕಾಯುತ್ತಿದ್ದರು. ಅವನು ಸುತ್ತಿಗೆಯನ್ನು ತಲೆಯ ಮೇಲಕ್ಕೆತ್ತಿ ನಿಲ್ದಾಣದ ಮೇಲೆ ಹಾಕಿದ. ಪ್ಲಾಸ್ಟರಿನ ಬಿಳಿ ಧೂಳು ಎದ್ದಿತು. ಸುರಂಗ ಒಡೆದ. ಸೇತುವೆಯನ್ನು ಕೈಯಿಂದಲೇ ಕಿತ್ತು ಗೋಡೆಗೆ ಎಸೆದ. ಒಂದು ಇಂಜಿನ್ನನ್ನು ನೆಲಕ್ಕೆ ಹಾಕಿ, ಬೂಟಿನ ಹಿಮ್ಮಡಿಯಿಂದ, ಹಲ್ಲು ಕಚ್ಚಿಕೊಂಡು ತುಳಿದ, ಅದು ತಗಡಾಗುವವರೆಗೂ ತುಳಿದ.

"ಯಾರಾದ್ರೂ ತಡೀರಿ!" ಎಂದು ವಾಲ್ಟರ್ ಕೂಗಿದ. ಅವನ ಕಣ್ಣಲ್ಲಿ ನೀರಿತ್ತು.

ಎಡ್ನಾ ತಡೆಯಲಿಲ್ಲ. ಕಪ್ಪನ್ನು ಹುಲ್ಲಿನ ಮೇಲಿಟ್ಟು, ಮೆಟ್ಟಿಲು ಹತ್ತಿ, ಬಾಗಿಲನ್ನು ಎಳೆದು ಮುಚ್ಚಿದಳು. ಮೇಲಿನ ಅಗಳಿ ಹಾಕಿದಳು. ಬಗ್ಗಿ ಕೆಳಗಿನ ಅಗಳಿಯನ್ನೂ ಹಾಕಿದಳು. ಎರಡೂ ಹೊರಗಡೆಗೇ ಇದ್ದವು. ಎಣ್ಣೆ ಕಂಡ ಅಗಳಿಗಳು, ಸದ್ದಿಲ್ಲದೆ ಸರಿದವು.

ವಾಲ್ಟರ್ ಅವನ್ನೇ ನೋಡಿದ. ಎಷ್ಟೋ ವರ್ಷ ಆ ಬಾಗಿಲಲ್ಲಿ ಓಡಾಡಿದವನು. ಕಳ್ಳರ ಭಯಕ್ಕೆ ಇರಬೇಕು ಅಂದುಕೊಂಡಿದ್ದವನು.

*

ಕ್ರಿಕೆಟ್ ಸಂಘದವರು ಮಾರಿದ ಹಳೆಯ ಕ್ಯಾಬಿನ್ ಅದು. ಸಿರಿಲ್ ಅದನ್ನು ಬಿಚ್ಚಿ ತಂದಾಗ ಎಡ್ನಾಳ ಸಲಿಕೆಗೆ ಮುರಿದ ಬಲಗೈ ಇನ್ನೂ ಪ್ಲಾಸ್ಟರಿನಲ್ಲಿತ್ತು. ಯಾರ ಸಹಾಯವನ್ನೂ ತೆಗೆದುಕೊಳ್ಳದೆ ಎಡಗೈಯಲ್ಲೇ ನಿಲ್ಲಿಸಿದ. ಗೋಡೆಗೆ ಒಳಗಿನಿಂದ ಇನ್ನೊಂದು ಪದರ ಹಲಗೆ ಹೊಡೆದ, ನಡುವೆ ಕುರಿಯ ಉಣ್ಣೆ ತುಂಬಿದ. ಚಳಿಗೆ ಒಳ್ಳೆಯದು ಎಂದರು ನೋಡಿದವರು. ಅದು ಚಳಿಗಲ್ಲ, ಸದ್ದಿಗೆ ಎಂದು ಎಡ್ನಾಳಿಗೆ ತಿಳಿಯಿತು. ಇದ್ದ ಕಿಟಕಿ ಮುಚ್ಚಿ ಕೈಗೆ ಎಟುಕದಂತೆ ಸೂರಿನ ಕೆಳಗೆ ಸಣ್ಣದೊಂದನ್ನು ಇಟ್ಟ. ಅಡುಗೆಮನೆಯಿಂದ ವಿದ್ಯುತ್ ತಂತಿ ಎಳೆದ. ಬಾಗಿಲನ್ನು ಮಾತ್ರ ಹೊಸದಾಗಿ ಮಾಡಿದ. ದಪ್ಪ ಓಕ್ ಹಲಗೆ, ಅದಕ್ಕೆ ಕಾರ್ಖಾನೆಯ ಕಬ್ಬಿಣದ ಪಟ್ಟಿ. ಕೊನೆಗೆ ಅಗಳಿ ಹೊಡೆದು ಅವಳನ್ನು ಕರೆದ.

"ನನಗೆ ಆ ಸಿಟ್ಟು ಬರೋದು ನಿನಗೆ ಮೊದಲೇ ಗೊತ್ತಾಗುತ್ತೆ," ಎಂದ ನೆಲ ನೋಡುತ್ತ. "ಗೊತ್ತಾದ ತಕ್ಷಣ ಹೇಳು. ನಾನೇ ಬಂದು ಒಳಗೆ ಹೋಗ್ತೀನಿ. ನೀನು ಅಗಳಿ ಹಾಕು. ಒಳಗಿಂದ ಏನಂದ್ರೂ ತೆಗೀಬೇಡ. ಕಾಲಿಗೆ ಬೀಳ್ತೀನಿ ಅಂದ್ರೂ."

"ಎಷ್ಟು ಹೊತ್ತು?"

"ನಿನ್ನಿಷ್ಟ."

ಅವಳು ಅಗಳಿ ಸರಿಸಿ ನೋಡಿದಳು. "ಬಿಗಿ ಇದೆ. ಎಣ್ಣೆ ಹಾಕು," ಎಂದಳು. ಅಷ್ಟೇ.

ಮೊದಮೊದಲು ಒಳಗೆ ಇದ್ದದ್ದು ಒಂದು ಕುರ್ಚಿ. ಅದನ್ನು ಪುಡಿ ಮಾಡಿದ. ಬಾಗಿಲು ಗುದ್ದಿ ಬೆರಳ ಗಂಟುಗಳನ್ನು ಒಡೆದುಕೊಂಡ. ಎಡ್ನಾಳನ್ನು ಬಾಯಿಗೆ ಬಂದಂತೆ ಬೈದ, ಅತ್ತ, ಮತ್ತೆ ಬೈದ. ಅವಳು ಬಟ್ಟೆ ಒಣಹಾಕುತ್ತಿದ್ದಳು. ಒಂದು ಸಲ, ಹೋಗಲ್ಲ ಎಂದು ಅಡುಗೆಮನೆಯಲ್ಲೇ ಕಾಲೂರಿ ನಿಂತ. ಅವಳು ಒಲೆಯ ಪಕ್ಕದ ಸಲಿಕೆಯ ಕಡೆಗೆ ಕಣ್ಣು ಹಾಯಿಸಿದಳು. ಹೋದ. ಆಮೇಲೆ ಯಾವಾಗಲೋ, ಕೈಗೆ ಏನಾದರೂ ಬೇಕು ಎಂದು ಸಂತೆಯಿಂದ ಕೆಟ್ಟುಹೋದ ಆಟದ ಇಂಜಿನ್ನೊಂದನ್ನು ತಂದ. ಅದು ಓಡಿತು. ಅದಕ್ಕೆ ಹಳಿ ಬೇಕಾಯಿತು.

*

"ಅಮ್ಮಾ! ಬಾಗಿಲು ಯಾರು ಹಾಕಿದ್ದು?" ಎಂದು ನೆವಿಲ್ ಒಳಗಿಂದ ಕೂಗಿದ.

"ನಾನು."

"ತೆಗೀತೀಯೋ, ಒಡೀಲೋ?"

"ಒಡಿ ನೋಡು," ಎಂದಳು ಎಡ್ನಾ. "ನಿಮ್ಮಪ್ಪನ ಕೈಯಲ್ಲೇ ಆಗಲಿಲ್ಲ."

ಸುತ್ತಿಗೆ ಬಾಗಿಲಿಗೆ ಅಪ್ಪಳಿಸಿತು. ಇಡೀ ಕ್ಯಾಬಿನ್ ಅದುರಿತು. ಮತ್ತೊಂದು ಏಟು, ಮತ್ತೊಂದು. ಆಮೇಲೆ ನಿಂತಿತು.

"ಏನಂದೆ?"

"ಬಾಗಿಲಿನ ಒಳಮೈ ನೋಡು."

ಅಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಮುಷ್ಟಿಯ ಎತ್ತರದಲ್ಲಿ ಮರ ತಗ್ಗಾಗಿತ್ತು. ಬೂಟಿನ ಎತ್ತರದಲ್ಲಿ ಸೀಳಿತ್ತು. ತೇಪೆಯ ಮೇಲೆ ತೇಪೆ ಹೊಡೆದಿತ್ತು. ಕಂದುಬಣ್ಣದ ಕಲೆಗಳು ಮರಕ್ಕೆ ಇಂಗಿದ್ದವು.

"ನೀನು ಅವನನ್ನ ಕೂಡಿಹಾಕ್ತಿದ್ಯಾ?" ನೆವಿಲ್‌ನ ದನಿ ಬಾಗಿಲಿನ ಸಮೀಪದಲ್ಲೇ ಇತ್ತು.

"ಅವನೇ ಬಂದು ಹಾಕಿಸ್ಕೊಳ್ತಿದ್ದ."

"ನನಗ್ಯಾಕೆ ಯಾರೂ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ದವಡೆ ನೆಟ್ಟಗಾಗ್ತಿತ್ತಾ? ನಾನು ಅವನನ್ನ ಕ್ಷಮಿಸಿಲ್ಲ. ಅವನು ಕೇಳಲೂ ಇಲ್ಲ." ಎಡ್ನಾ ಬಾಗಿಲಿಗೆ ಅಂಗೈ ಊರಿದಳು. "ಆ ರೈಲನ್ನ ಮೊದಲು ಒಡೆದೋನು ನೀನಲ್ಲ. ಅವನೇ ಎಷ್ಟು ಸಲ ಒಡೆದಿದಾನೋ. ಒಡೀತಿದ್ದ, ಕೂತು ಗುಡಿಸ್ತಿದ್ದ, ಮತ್ತೆ ಕಟ್ತಿದ್ದ. ನನ್ನ ಮೈಮೇಲೆ ಬೀಳೋದು ಅದರ ಮೇಲೆ ಬಿತ್ತು."

ವಾಲ್ಟರ್ ಹುಲ್ಲಿನ ಮೇಲೆಯೇ ಕೂತುಬಿಟ್ಟ. "ಬೆಕ್ಕು ನುಗ್ಗಿ ಹಾಳು ಮಾಡ್ತು ಅಂತಿದ್ದ," ಎಂದ. "ನಾನು ಬೆಕ್ಕಿಗೆ ಬೈತಿದ್ದೆ."

"ನಾನು ಅವನಲ್ಲ!" ನೆವಿಲ್ ಒಳಗಿಂದ ಅರಚಿದ. "ಕೇಳಿಸ್ತಾ? ನಾನು ಅವನಲ್ಲ!" ಒಂದೊಂದು ಮಾತಿಗೂ ಒಂದೊಂದು ಏಟು. ಈಗ ಅದು ಸುತ್ತಿಗೆಯ ಸದ್ದಲ್ಲ. ಬರಿಗೈ.

"ಪಾಲಿನ್ ಕೈ ಹೇಗಿದೆ?" ಎಂದು ಕೇಳಿದಳು ಎಡ್ನಾ.

ಏಟು ನಿಂತಿತು. ಏನೋ ಭಾರವಾದದ್ದು ಬಾಗಿಲಿಗೆ ಒರಗಿ ಕೆಳಗೆ ಜಾರಿದ ಸದ್ದು. ಸ್ವಲ್ಪ ಹೊತ್ತಿಗೆ, ಉಣ್ಣೆ ತುಂಬಿದ ಗೋಡೆ ದಾಟಿ ಬಂದ ಅಳು, ದೂರದ ಮನೆಯದೆಂಬಂತೆ.

"ತೆಗಿ ಅಮ್ಮಾ," ಎಂದಳು ಡೋರೀನ್. ಅವಳ ಕೈ ಆಗಲೇ ಅಗಳಿಯ ಮೇಲಿತ್ತು. "ಸಾಕು, ಅಳ್ತಿದಾನೆ."

ಎಡ್ನಾ ಮಗಳ ಕೈಯನ್ನು ಬಿಡಿಸಿದಳು. "ಅತ್ತ ಮೇಲೆ ಇನ್ನೊಂದು ಸುತ್ತು ಇರುತ್ತೆ ಕಣೇ. ನೀನು ಒಳಗೆ ಹೋಗು. ಜನಕ್ಕೆ ಇನ್ನಷ್ಟು ಚಹಾ ಕೊಡು. ವಾಲ್ಟರ್‌ನೂ ಕರ್ಕೊಂಡು ಹೋಗು, ಅವನ ತುಟಿಗೆ ಏನಾದ್ರೂ ಹಚ್ಚು."

ಅವರಿಬ್ಬರೂ ಅಡುಗೆಮನೆಯ ಬಾಗಿಲು ಸೇರುವವರೆಗೆ ನೋಡಿದಳು. ಆಮೇಲೆ ಹುಲ್ಲಿನ ಮೇಲಿದ್ದ ಕಪ್ಪು ಎತ್ತಿಕೊಂಡು, ಮಗಳ ಕೋಟಿನ ಅಂಚನ್ನು ಮಡಚಿ, ಬಾಗಿಲಿಗೆ ಬೆನ್ನು ಕೊಟ್ಟು ಮೆಟ್ಟಿಲ ಮೇಲೆ ಕೂತಳು. ಚಹಾ ಆರಿತ್ತು. ತುಟಿಗೆ ತಂದಾಗ ಬೆನ್ನ ಹಿಂದೆ ಆ ಇನ್ನೊಂದು ಸುತ್ತಿನ ಮೊದಲ ಗುದ್ದು ಬಿತ್ತು. ಅವಳ ಭುಜ ಅಲುಗಿತು, ಕಪ್ಪಿನೊಳಗೆ ಸಣ್ಣ ಸಣ್ಣ ಅಲೆಗಳೆದ್ದವು. ಎಡ್ನಾ ಕಪ್ಪನ್ನು ಮೈಯಿಂದ ಸ್ವಲ್ಪ ದೂರ ಹಿಡಿದು, ಅಲೆ ನಿಲ್ಲುವುದನ್ನು ಕಾದು, ಒಂದು ಗುಟುಕು ಕುಡಿದಳು.